ಕಲಘಟಗಿಯ ಕಾಡಂಚಿನಲ್ಲಿ ಒಂದು ಶೂಟಿಂಗು!

ಸೀಟಿ ಹೊಡೆಯುವುದರಲ್ಲಿ ಒಂದು ಕಾಲಕ್ಕೆ ಕಲಘಟಗಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಜಂಬ ಅಲ್ಲ, ಚಿತ್ರರಸಿಕರೇ! ಎರಡು ಬೆರಳು ಮಡಚಿ ನಾಲಗೆಯ ಕೆಳಗಿಟ್ಟು ಉಸಿರು ಬಿಟ್ಟೆನೆಂದರೆ ಟಾಕೀಜಿನ ಹೊರಗೆ ಶೇಂಗಾ ಮಾರುವವನೂ ತಿರುಗಿ ನೋಡುತ್ತಿದ್ದ. ಅಣ್ಣಾವ್ರು ತೆರೆಯ ಮೇಲೆ ಬಂದರೆ ಒಂದು, ಶಂಕರನಾಗ್ ಕಾಲೆತ್ತಿದರೆ ಎರಡು, ವಿಲನ್ ನೆಲಕ್ಕೆ ಬಿದ್ದರೆ ಉಸಿರು ಇರುವಷ್ಟು. ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತು ನಾನು ಸಂಪಾದಿಸಿದ ಏಕೈಕ ಬಿರುದು ಅದು.

ಆ ಸೀಟಿಯನ್ನು ಕಳೆದ ಚಳಿಗಾಲದಲ್ಲಿ ಮತ್ತೊಮ್ಮೆ ಹೊಡೆಯಬೇಕಾಗಿ ಬಂತು. ಈ ಸಲ ಕ್ಯಾಮೆರಾದ ಮುಂದೆ! ಆದರೆ ಬಾಯಿಂದ ಗಾಳಿ ಬಂತೇ ಹೊರತು ಸೀಟಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳಬೇಕಾದರೆ ಒಂದಿಷ್ಟು ಹಿಂದಕ್ಕೆ ಹೋಗಬೇಕು.

ನನ್ನ ಹಳೆಯ ಗೆಳೆಯನೊಬ್ಬನ ಫೋನ್ ಬಂದಿತ್ತು. ಏಳನೇ ಇಯತ್ತೆಯವರೆಗೆ ನಾವಿಬ್ಬರೂ ಒಂದೇ ಬೆಂಚು. ಊರಿನ ಹೊರಗೆ, ಯಲ್ಲಾಪುರದ ಕಡೆಗೆ ಕಾಡು ಶುರುವಾಗುವಲ್ಲಿ ಅವನ ಮನೆ. ಸಿದ್ದಿ ಜನಾಂಗದವನು.

“ಏ ಹೀರೋ, ಇನ್ನೂ ಸಿನೆಮಾ ಪತ್ರಿಕಿಗೆ ಬರೀತಿ ಏನು?”

“ಬರೀತೇನಪಾ. ಯಾಕ?”

“ನಮ್ಮ ಹುಡುಗೂರು ಪಿಕ್ಚರ್ ತಗ್ಯಾಕ ಹತ್ಯಾರ. ನಮ್ಮವ್ವನ ಕಥಿ. ಬಂದು ನೋಡಿ ಹೋಗು. ನಿನಗೊಂದು ಪಾರ್ಟೂ ಐತಿ.”

ಪಾರ್ಟು ಅಂದ ಕೂಡಲೇ ಯಾರಾದರೂ ಸುಮ್ಮನಿರುತ್ತಾರೆಯೇ? ಹುಬ್ಬಳ್ಳಿಯಲ್ಲಿ ಕಾರವಾರದ ಬಸ್ಸು ಹತ್ತಿದೆ. ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಕಲಘಟಗಿ ಎಂದರೆ ಹೊರಗಿನವರಿಗೆ ಬಣ್ಣದ ತೊಟ್ಟಿಲು. ನಮ್ಮ ಚಿತ್ರಗಾರರು ಕಟ್ಟಿಗೆಯ ಮೇಲೆ ಬರೆಯುವ ಬಣ್ಣ ತಲೆಮಾರು ಕಳೆದರೂ ಮಾಸುವುದಿಲ್ಲ ಎಂಬ ಹೆಸರಿದೆ. ನನಗೆ ಮಾತ್ರ ಕಲಘಟಗಿ ಎಂದರೆ ಟಾಕೀಜು. ಮತ್ತು ಆ ಟಾಕೀಜಿನಲ್ಲಿ ನಡೆದ ಒಂದು ಸಂಜೆ.

ತೆರೆಯ ಮೇಲೆ ಮಸಿ

1986ರ ಸುಮಾರು. ಯಾವ ಚಿತ್ರ ಎಂಬುದು ಬೇಡ. ಅಂಥವು ಹತ್ತಾರು ಬಂದಿವೆ. ನಾಯಕ, ನಾಯಕಿ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಸುತ್ತ ಬೆಂಕಿ ಹಚ್ಚಿ ಕಾಡುಜನ ಕುಣಿಯುತ್ತಾರೆ. ಆ ಕಾಡುಜನ ಯಾರು? ಎಕ್ಸ್‌ಟ್ರಾ ಕಲಾವಿದರಿಗೆ ಮೈತುಂಬ ಮಸಿ ಬಳಿದು, ತಲೆಗೆ ಗುಂಗುರು ವಿಗ್ಗು ಹಾಕಿ, ಸೊಂಟಕ್ಕೆ ಎಲೆ ಕಟ್ಟಿದವರು. ಮಾತಿಲ್ಲ, ಬರೀ ‘ಹೋ ಹೋ’. ಟಾಕೀಜಿನಲ್ಲಿ ನನ್ನ ಪಕ್ಕದಲ್ಲೇ ಈ ಗೆಳೆಯ ಕೂತಿದ್ದ. ನಾನು ಉದ್ದಕ್ಕೆ ಒಂದು ಸೀಟಿ ಹೊಡೆದು ಕೂಗಿದೆ: “ಲೇ, ನಿಮ್ಮ ಮಾವ ಬಂದಾನ ನೋಡಲೇ!”

ಗಾಂಧಿ ಕ್ಲಾಸೆಲ್ಲ ಹೋ ಎಂದು ನಕ್ಕಿತು. ಅವನೂ ನಕ್ಕ ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಇಂಟರ್‌ವಲ್ಲಿನಲ್ಲಿ ಎದ್ದು ಹೋದವನು ತಿರುಗಿ ಬರಲಿಲ್ಲ. ಆಮೇಲೆ ನಮ್ಮ ಜೊತೆ ಒಂದು ಪಿಕ್ಚರಿಗೂ ಬರಲಿಲ್ಲ. ರೊಕ್ಕ ಇರಲಿಕ್ಕಿಲ್ಲ ಎಂದು ನಾವು ತಿಳಿದೆವು!

ಇನ್ನೊಂದು ತಮಾಷೆ ಕೇಳಿ. ಅದೇ ವರ್ಷವೋ ಹಿಂದಿನ ವರ್ಷವೋ, ಶಾಲೆಯವರು ನಮ್ಮನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಆಟೆನ್‌ಬರೋ ಅವರ ‘ಗಾಂಧಿ’ ತೋರಿಸಿದ್ದರು. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಶನ್ನಿನಲ್ಲಿ ಗಾಂಧೀಜಿಯನ್ನು ರೈಲಿನಿಂದ ದಬ್ಬುವ ದೃಶ್ಯ ಬಂದಾಗ ನಮಗೆಲ್ಲ ಮೈ ಉರಿದು ಹೋಗಿತ್ತು. ಆ ಬಿಳಿಯ ಕೈಗೆ ಸಿಕ್ಕಿದ್ದರೆ ನಾನೇ ಎರಡು ಬಿಡುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಅದೇ ಗೆಳೆಯನನ್ನು ‘ಏ ಆಫ್ರಿಕಾ’ ಎಂದು ಕರೆದವರೂ ನಾವೇ. ಎರಡಕ್ಕೂ ಸಂಬಂಧ ಉಂಟು ಅಂತ ಒಬ್ಬನ ತಲೆಗೂ ಹೊಳೆಯಲಿಲ್ಲ.

ಬೆಂಗಳೂರು, ಮೈಸೂರು ಕಡೆಯ ಓದುಗರು ‘ಸಿದ್ದಿಗಳು ಯಾರ್ರೀ?’ ಎಂದು ಕೇಳಬಹುದು. ನೂರಾರು ವರ್ಷಗಳ ಹಿಂದೆ ಅರಬರ, ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಕೆಲವರು ಸಿಪಾಯಿಗಳಾಗಿ ಬಂದರು, ಬಹಳ ಜನ ಗುಲಾಮರಾಗಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿ, ಮೊಗಲರ ಸೈನ್ಯವನ್ನು ಆಟ ಆಡಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇದೇ ಮೂಲದವನು. (ಗಾಂಧಿನಗರದ ನಿರ್ಮಾಪಕರೇ, ಕಥೆಯ ಬರಗಾಲ ಎನ್ನುತ್ತೀರಲ್ಲ? ಕೇಳಿಸಿತೇ?) ನಮ್ಮ ವಿಜಾಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್ ಕೂಡ. ಇನ್ನು ಗೋವೆಯ ಯಜಮಾನರ ಕೈ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಇತ್ತ ಖಾನಾಪುರ, ನಮ್ಮ ಕಲಘಟಗಿ, ಹೀಗೆ ಹರಡಿದ್ದಾರೆ. ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ನಮ್ಮಂತೆಯೇ ಕನ್ನಡ ಮಾತಾಡುತ್ತಾರೆ, ನಮ್ಮಂತೆಯೇ ರೊಟ್ಟಿ ಬಡಿಯುತ್ತಾರೆ. ಆದರೂ ಬಸ್ಸಿನಲ್ಲಿ ಕೂತರೆ ‘ಯಾವ ದೇಶದವರು?’ ಎಂಬ ಪ್ರಶ್ನೆ ತಪ್ಪುವುದಿಲ್ಲ.

ಬೆಳ್ಳಿತೆರೆಯ ಮೇಲೆ ಇವರು ಮಸಿ ಇಲ್ಲದೆ ಬರಲು ಬಹಳ ಕಾಲ ಹಿಡಿಯಿತು. ಅದಕ್ಕೆ ಮೊದಲು ನಾಟಕದವರು ದಾರಿ ಮಾಡಿದರು. ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಬಂದು, ನೈಜೀರಿಯಾದ ಚಿನುವಾ ಅಚಿಬೆ ಅವರ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ನಾಟಕ ಮಾಡಿ ಸಿದ್ದಿಗಳಿಂದಲೇ ಆಡಿಸಿದರು. ನಿರ್ದೇಶನ ಚಿದಂಬರರಾವ್ ಜಂಬೆ ಅವರದು. ಆ ಬೀಜ ಮೊಳೆತು ಎಷ್ಟೋ ಸಿದ್ದಿ ಹುಡುಗ ಹುಡುಗಿಯರು ರಂಗಭೂಮಿಗೆ ಬಂದರು. ನೀನಾಸಂನಲ್ಲೇ ಕಲಿತ ಪ್ರಶಾಂತ್ ಸಿದ್ದಿ 2011ರಲ್ಲಿ ಯೋಗರಾಜ್ ಭಟ್ಟರ ‘ಪರಮಾತ್ಮ’ದಲ್ಲಿ ಕಾಣಿಸಿಕೊಂಡು ಗುರುತಿನ ನಟರಾದರು. 2021ರಲ್ಲಿ ದುನಿಯಾ ವಿಜಯ್ ಅವರ ‘ಸಲಗ’ದಲ್ಲಿ ಚರಣ್ ರಾಜ್ ಸಂಗೀತಕ್ಕೆ ಸಿದ್ದಿ ಗಾಯಕರು ಹಾಡಿದ ಹಾಡು ಕರ್ನಾಟಕದ ಗಲ್ಲಿಗಲ್ಲಿಯಲ್ಲಿ ಕುಣಿಯಿತು. ನೀವೂ ಕುಣಿದಿರಿ, ನಾನೂ ಕುಣಿದೆ.

ಹಾಡಾಯಿತು, ಕುಣಿತವಾಯಿತು. ಕಥೆ? ಅದಕ್ಕೇ ಈ ಹುಡುಗರು ಕೈ ಹಾಕಿದ್ದು.

ಫೈಟ್ ಇಲ್ಲದ ಪಿಕ್ಚರು!

ಗೆಳೆಯನ ಮನೆಯಂಗಳದಲ್ಲಿ ಏಳೆಂಟು ಹುಡುಗರು. ಅರ್ಧ ಜನ ಸಿದ್ದಿಗಳು, ಉಳಿದವರು ಊರಿನ ಬೇರೆ ಬೇರೆ ಮನೆಯವರು. ನಿರ್ದೇಶಕ ಗೆಳೆಯನ ಸಣ್ಣ ಮಗ. ಧಾರವಾಡದಲ್ಲಿ ಕಾಲೇಜು ಓದುತ್ತಾನೆ. ಕ್ಯಾಮೆರಾ ಅಂದರೆ ಒಂದು ಮೊಬೈಲು. ಟ್ರಾಲಿ ಅಂದರೆ ಹಳೇ ಸೈಕಲ್ಲು. ರಿಫ್ಲೆಕ್ಟರ್ ಅಂದರೆ ಹಾಳೆ ಅಂಟಿಸಿದ ಥರ್ಮೋಕೋಲು, ಮದುವೆ ಮಂಟಪದಿಂದ ತಂದದ್ದು. ಹಿಂದುಗಡೆ ಯಾರದೋ ‘ಶುಭವಿವಾಹ’ ಇನ್ನೂ ಅಂಟಿಕೊಂಡಿತ್ತು.

ಮೊದಲು ಬರೆದ ಕಥೆಯನ್ನು ಹುಡುಗರೇ ನಗುತ್ತ ನನಗೆ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಾಯಕನ ಬಣ್ಣ ಎತ್ತಿ ಆಡುತ್ತಾರೆ. ನಾಯಕ ತಿರುಗುತ್ತಾನೆ. ಸ್ಲೋ ಮೋಶನ್. ಹತ್ತು ಜನ ಗಾಳಿಯಲ್ಲಿ ಹಾರುತ್ತಾರೆ. ಹಿನ್ನೆಲೆಯಲ್ಲಿ ಡಮಾಮಿ ನಗಾರಿ! ಸುಳ್ಳು ಹೇಳಬಾರದು, ಕೇಳಿ ನನಗೂ ರೋಮಾಂಚನವಾಯಿತು.

ಮೂಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದ ಗೆಳೆಯನ ತಾಯಿ ತಲೆ ಎತ್ತಲಿಲ್ಲ. ಎಪ್ಪತ್ತೈದರ ಮೇಲಿನ ವಯಸ್ಸು.

“ಹೊಡದಾಟ ಎಲ್ಲಿತ್ತಪಾ? ಹೊಡದಾಡಿದ್ರ ಒಂದ ದಿನದಾಗ ಮುಗೀತಿತ್ತು. ನಾವು ಅರ್ಜಿ ಕೊಟ್ವಿ.”

ಅಲ್ಲಿಗೆ ಮೊದಲ ಸ್ಕ್ರಿಪ್ಟು ಖಲಾಸ್.

ಆ ಅರ್ಜಿಯ ಕಥೆ ಏನೆಂದರೆ: 1984ರಲ್ಲಿ ಸಿದ್ದಿಗಳೆಲ್ಲ ಧರ್ಮ ಬದಿಗಿಟ್ಟು ಅಖಿಲ ಕರ್ನಾಟಕ ಮಟ್ಟದ ತಮ್ಮದೇ ಅಭಿವೃದ್ಧಿ ಸಂಘ ಕಟ್ಟಿದರು. ದೊಡ್ಡ ಬೇಡಿಕೆ ಒಂದೇ: ನಮ್ಮನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ. ಪಟ್ಟಿಯಲ್ಲಿದ್ದರೆ ಹಾಸ್ಟೆಲ್ ಇದೆ, ಸ್ಕಾಲರ್‌ಶಿಪ್ ಇದೆ, ನೌಕರಿಯಲ್ಲಿ ಪಾಲಿದೆ. ಇಲ್ಲವೆಂದರೆ ಜೀತ, ಕೂಲಿ, ಕಾಡಿನ ಜೇನು. ಈ ನಡುವೆ 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ಓಟ ಕಲಿಸಿದ್ದುಂಟು. ಆಫ್ರಿಕದವರ ಹಾಗೆ ಕಾಣುತ್ತಾರೆ, ಹಾಗೇ ಓಡಿಯಾರು ಎಂಬ ಲೆಕ್ಕ! ಹುಡುಗರು ಪದಕವನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಊರಿಗೆ ಮರಳಿದರು.

ಸುಮಾರು ಇಪ್ಪತ್ತು ವರ್ಷದ ಓಡಾಟದ ನಂತರ 2003ರ ಜನವರಿಯಲ್ಲಿ ಪಟ್ಟಿಗೆ ಹೆಸರು ಸೇರಿತು. ಸಿದ್ದಿ, ಅದರ ಮುಂದೆ ಕಂಸದೊಳಗೆ: ಉತ್ತರ ಕನ್ನಡ ಜಿಲ್ಲೆಯಲ್ಲಿ.

ಆ ಕಂಸವೇ ಈ ಚಿತ್ರದ ವಿಲನ್.

ಯಾಕೆಂದರೆ ಕಲಘಟಗಿ ಧಾರವಾಡ ಜಿಲ್ಲೆ! ಕಾಡು ಒಂದೇ, ಬಣ್ಣ ಒಂದೇ, ರಕ್ತ ಒಂದೇ, ಆದರೆ ನಡುವೆ ಜಿಲ್ಲೆಯ ಗಡಿ. ಗೆಳೆಯನ ತಾಯಿಯ ತಂಗಿಯನ್ನು ಯಲ್ಲಾಪುರದ ಕಡೆ ಕೊಟ್ಟಿದ್ದಾರೆ. ಬಸ್ಸಿಗೆ ಒಂದು ತಾಸಿನ ದಾರಿ. ತಂಗಿಯ ಮೊಮ್ಮಕ್ಕಳು 2003ರಿಂದ ಪರಿಶಿಷ್ಟ ಪಂಗಡ. ಅಕ್ಕನ ಮೊಮ್ಮಕ್ಕಳು ಅಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು!

“ತಂಗಿ ಮದಿವ್ಯಾಗ ನಮ್ಮಪ್ಪಗ ಹೇಳಬೇಕಾಗಿತ್ತು, ಇಬ್ರನ್ನೂ ಆ ಕಡೇನ ಕೊಡು ಅಂತ,” ಎಂದು ಅವ್ವ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ನಗಬೇಕೋ ಬೇಡವೋ ಗೊತ್ತಾಗದೆ ನಾನು ಚಹಾ ಕುಡಿದೆ.

ಮತ್ತೆ ಅರ್ಜಿ ಶುರುವಾಯಿತು. ಟೆಂಪೋ ಮಾಡಿಕೊಂಡು ಧಾರವಾಡಕ್ಕೆ. ಕಚೇರಿಯ ಮುಂದೆ ಹುಣಸೆ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂಡುವುದು. ‘ಸಾಹೇಬರು ಮೀಟಿಂಗಿನಾಗ ಅದಾರ.’ ಮತ್ತೊಂದು ದಿನ. ಒಮ್ಮೆ ಒಬ್ಬ ಗುಮಾಸ್ತ ಅವ್ವನ ಕೂದಲು ನೋಡಿ, ‘ಇಂಡಿಯಾಕ್ಕ ಯಾವಾಗ ಬಂದ್ರಿ?’ ಎಂದನಂತೆ. “ನಿಮ್ಮಪ್ಪ ಹುಟ್ಟೂಕಿಂತ ಮೊದಲ ಬಂದೇವಿ ಅಂದ್ಯಾ” ಎಂದಳು ಅವ್ವ. ಹುಡುಗರು ಇಲ್ಲಿ ಚಪ್ಪಾಳೆ ತಟ್ಟಿದರು. ಪಂಚ್ ಡೈಲಾಗ್ ಎಂದರೆ ಇದಪಾ!

2020ರಲ್ಲಿ ಪಾರ್ಲಿಮೆಂಟು ಕಂಸದೊಳಗಿನ ಸಾಲು ತಿದ್ದಿತು. ಬೆಳಗಾವಿ, ಧಾರವಾಡ ಜಿಲ್ಲೆಗಳೂ ಸೇರಿದವು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು, ಸಿದ್ದಿಗಳಲ್ಲೇ ಮೊದಲನೆಯವರು. 2003ಕ್ಕೂ 2020ಕ್ಕೂ ನಡುವೆ 17 ವರ್ಷ. ಒಂದು ಮಗು ಹುಟ್ಟಿ ಪಿಯುಸಿ ಮುಟ್ಟುವಷ್ಟು ಕಾಲ.

ಕ್ಯಾಮೆರಾ ಎಲ್ಲಿಡಬೇಕು?

ಕಥೆ ಸಿಕ್ಕಿತು. ಆದರೆ ಕಾಯುವುದನ್ನು ತೆರೆಯ ಮೇಲೆ ತೋರಿಸುವುದು ಹೇಗೆ? ಅಂದಿನ ಒಂದು ಫೋಟೋ ಕೂಡ ಇಲ್ಲ. ಕಲಘಟಗಿಯಿಂದ ಟೆಂಪೋದಲ್ಲಿ ಹೋಗಿ ಗಿಡದ ಕೆಳಗೆ ಕೂತವರ ಫೋಟೋ ಯಾರು ತೆಗೆಯುತ್ತಾರೆ? ಕಲ್ಲು ತೂರಿದ್ದರೆ ತೆಗೆಯುತ್ತಿದ್ದರೇನೋ!

ಈ ತೊಂದರೆ ನಮಗೆ ಮಾತ್ರ ಬಂದದ್ದಲ್ಲ. ನಮ್ಮ ಸಣ್ಣ ನಿರ್ದೇಶಕ ಮೊಬೈಲಿನಲ್ಲಿ ಏನೇನೋ ಹುಡುಕಿ ನೋಡಿದ್ದಾನೆ, ನನಗಿಂತ ಹೆಚ್ಚು ತಿಳಿದಿದ್ದಾನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹ್ಯಾಂಡ್ಸ್‌ವರ್ತ್ ಎಂಬ ಬಡಾವಣೆ ಇದೆ. ವೆಸ್ಟ್ ಇಂಡೀಸಿನವರು, ನಮ್ಮ ಪಂಜಾಬಿನವರು ಹೋಗಿ ನೆಲೆಸಿದ ಕೇರಿ. 1985ರಲ್ಲಿ ಅಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಗಲಾಟೆ ಆಯಿತು. ಸುದ್ದಿಯವರ ಕ್ಯಾಮೆರಾಗಳು ಪೊಲೀಸರ ಬೆನ್ನ ಹಿಂದೆ ನಿಂತು ಬೆಂಕಿಯನ್ನಷ್ಟೇ ತೋರಿಸಿದವು. ಆಗ ಕಪ್ಪು ಯುವಕ ಯುವತಿಯರ ಒಂದು ಗುಂಪು, ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್ ಅಂತ ಹೆಸರು, 1986ರಲ್ಲಿ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ತೆಗೆಯಿತು. ನಿರ್ದೇಶಕ ಜಾನ್ ಅಕೊಮ್‌ಫ್ರಾ. ಅವರ ಅಪ್ಪ ಅಮ್ಮಂದಿರ ಪೀಳಿಗೆ ಹಡಗಿನಿಂದಿಳಿದ ಹಳೆಯ ಚಿತ್ರಗಳು, ಮದುವೆಯ ಫೋಟೋಗಳು, ಕಾರ್ಖಾನೆಯ ದೃಶ್ಯಗಳನ್ನೆಲ್ಲ ಜೋಡಿಸಿ, ಬೆಂಕಿಯ ಹಿಂದಿನ ಹೊಗೆ ಎಲ್ಲಿಂದ ಬಂತು ಎಂದು ತೋರಿಸಿದರು.

“ಅವರ ಹತ್ರ ಹಳೇ ಫಿಲಿಂ ಇತ್ರೀ ಕಾಕಾ,” ಎಂದ ಹುಡುಗ. “ನಮ್ಮ ಹತ್ರ ಒಂದು ಟ್ರಂಕ್ ಐತಿ.”

ಟ್ರಂಕು ಬಂತು. ತಗಡಿನದು, ಹಸಿರು ಬಣ್ಣ. ಒಳಗೆ ಅರ್ಜಿಯ ನಕಲುಗಳು, ಠಸ್ಸೆ ಹೊಡೆದ ಸ್ವೀಕೃತಿ ಚೀಟಿಗಳು, ಮಡಚಿ ಮಡಚಿ ಹರಿದ ಒಂದು ವಂಶಾವಳಿ, ಟೆಂಪೋದ ಬಾಡಿಗೆ ಲೆಕ್ಕ ಬರೆದ ಶಾಲೆಯ ನೋಟುಬುಕ್ಕು. ಆ ನೋಟುಬುಕ್ಕಿನಲ್ಲಿ ಯಾರು ಎಷ್ಟು ಪಟ್ಟಿ ಹಾಕಿದರು ಎಂಬುದಿದೆ: ಹತ್ತು ರೂಪಾಯಿ, ಐದು ರೂಪಾಯಿ, ಒಬ್ಬರ ಹೆಸರಿನ ಮುಂದೆ ‘ಅರ್ಧ ಕಿಲೋ ಜೇನುತುಪ್ಪ’. ಒಂದೊಂದು ಪುಟವನ್ನೂ ಹುಡುಗರು ನಿಧಾನವಾಗಿ ಶೂಟ್ ಮಾಡಿದರು. ಅವ್ವ ಪಕ್ಕದಲ್ಲಿ ಕೂತು ಹೆಸರು ಹೇಳುತ್ತ ಹೋದಳು. “ಇಂವ ಸತ್ತ. ಇಕಿ ಸತ್ಲು. ಇಂವ ಗೋವಾಕ ಹೋದ, ಬರಲಿಲ್ಲ. ಇಕಿ ಇನ್ನೂ ಅದಾಳ, ಕಿವಿ ಕೇಳೂದಿಲ್ಲ.” ಅರ್ಧ ಗಂಟೆ ಹೀಗೇ. ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಇವಳೊಬ್ಬಳೂ ಹೋದರೆ ಆ ನೋಟುಬುಕ್ಕು ಬರೀ ಹೆಸರಿನ ಪಟ್ಟಿಯಾಗುತ್ತಿತ್ತು.

ಇಲ್ಲೊಂದು ಜಗಳವಾಯಿತು. ಕ್ಯಾಮೆರಾ ಹಿಡಿದವನು ನೆಲಕ್ಕೆ ಮಲಗಿ ಕೆಳಗಿನಿಂದ ಮೇಲಕ್ಕೆ ಅವ್ವನನ್ನು ಶೂಟ್ ಮಾಡಲು ಹೋದ. ಹೀರೋ ಎಂಟ್ರಿಗೆ ಇಡುತ್ತಾರಲ್ಲ, ಆ ಶಾಟು. ಅವ್ವ ಗದರಿದಳು: “ಎದ್ದೇಳೋ ಮಾರಾಯಾ, ಮೂಗಿನ ಹೊಳ್ಳಿ ಅಷ್ಟ ಕಾಣತಾವು!”

ಆಗ ನನಗೆ ನೆನಪಾದದ್ದು ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಹತ್ತಿರದ ಪಸ್ತಾಪುರ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು, ಶಾಲೆಯ ಮುಖ ಸರಿಯಾಗಿ ನೋಡದವರು, ವಿಡಿಯೋ ಕ್ಯಾಮೆರಾ ಕಲಿತು ತಮ್ಮ ಹೊಲ, ಬೀಜ, ಕೂಲಿಯ ಬಗ್ಗೆ ತಾವೇ ಚಿತ್ರ ತೆಗೆಯುತ್ತ ಬಂದಿದ್ದಾರೆ. ಶಾಟುಗಳಿಗೆ ಅವರಿಟ್ಟ ಹೆಸರು ಕೇಳಿ. ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲನ ಶಾಟು. ಕೆಳಗಿನಿಂದ ಮೇಲಕ್ಕೆ ನೋಡಿದರೆ ಆಳಿನ ಶಾಟು. ಎದುರುಬದುರು ಕೂತು ಕಣ್ಣಿಗೆ ಕಣ್ಣು ಸೇರಿಸಿದರೆ ಸಂಘಂ ಶಾಟು, ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡುತ್ತಾರಲ್ಲ! ಸಿನೆಮಾದ ಪುಸ್ತಕಗಳಲ್ಲಿ ನಾಲ್ಕು ಪುಟ ಓದಿದರೂ ತಿಳಿಯದ್ದು ಮೂರು ಮಾತಿನಲ್ಲಿ ಬಂತು. ಇದನ್ನು ಹೇಳಿದೆ. ಹುಡುಗರು ಮೊಬೈಲನ್ನು ಅವ್ವನ ಮುಂದೆ ಕಾಳಿನ ಡಬ್ಬಿಯ ಮೇಲಿಟ್ಟರು. ಚಿತ್ರ ಮುಗಿಯುವವರೆಗೆ ಅದು ಅದೇ ಎತ್ತರದಲ್ಲಿತ್ತು.

ನನ್ನ ಪಾರ್ಟು

ಎರಡನೆಯ ದಿನ ಸಂಜೆ ನನ್ನ ಸರದಿ. ಮೈದಾನದಲ್ಲಿ ತಾಡಪತ್ರಿ ಹಾಸಿ, ಎದುರಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಹತ್ತು ಹುಡುಗರು ನೆಲದ ಮೇಲೆ ಕೂತಿದ್ದರು. ನಾನು ಮುಖಕ್ಕೆ ಪೌಡರ್ ಹಚ್ಚಿಕೊಂಡು, ಕೂದಲು ಬಾಚಿಕೊಂಡು ಹೋದೆ.

“ಸೀನ್ ಏನು?”

ನಿರ್ದೇಶಕ ತನ್ನ ಅಪ್ಪನ ಮುಖ ನೋಡಿದ. ಗೆಳೆಯ ಬೀಡಿ ಕೆಳಗಿಟ್ಟು, ಬಹಳ ಸಾದಾ ಹೇಳಿದ: “ಟಾಕೀಜಿನ ಸೀನು. ಒಬ್ಬ ಹುಡುಗ ಪಿಕ್ಚರ್ ನೋಡಾಕ ಬಂದಿರತಾನ. ಹಿಂದಿಂದ ಒಬ್ಬಾಂವ ಸೀಟಿ ಹೊಡದು ಒಂದ ಮಾತು ಅಂತಾನ. ಸೀಟಿ ನಿನಗ ಚಲೋ ಬರತಿತ್ತು.”

ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಅದೇ ಕಷ್ಟವಾದದ್ದು. ಬೈದಿದ್ದರೆ ಕಾಲು ಹಿಡಿದು ಮುಗಿಸಿಬಿಡುತ್ತಿದ್ದೆ.

“ಮಾತು... ಅದನ್ನ ಹೇಳಬೇಕಾ?”

“ಹೇಳು. ಇಲ್ಲಾಂದ್ರ ಯಾರಿಗೆ ತಿಳೀತದ?”

ನನ್ನ ಮುಂದೆ ಹನ್ನೆರಡು ವರ್ಷದ ಒಬ್ಬ ಸಿದ್ದಿ ಹುಡುಗ ಕೂತಿದ್ದ, ಗೆಳೆಯನ ಪಾರ್ಟಿನವ. ತಿರುಗಿ ನೋಡಿ ನಕ್ಕ. “ಹೊಡೀರಿ ಕಾಕಾ, ನಾ ಅಳಾಂಗಿಲ್ಲ.” ಬೆರಳು ಮಡಚಿ ಬಾಯಲ್ಲಿಟ್ಟೆ. ಗಾಳಿ. ಮತ್ತೊಮ್ಮೆ. ಬರೀ ಗಾಳಿ. ಹುಡುಗರು ನಕ್ಕರು. ಹಲ್ಲು ಸಡಿಲಾಗಿವೆ ಎಂದು ನೆಪ ಹೇಳಿದೆ. ಒಂಬತ್ತನೇ ಟೇಕಿಗೋ ಹತ್ತಕ್ಕೋ ಒಂದು ಸಣ್ಣ ಸೀಟಿ ಬಂತು, ನಾಯಿಮರಿ ಕುಂಯ್ ಅಂದ ಹಾಗೆ. ಆಮೇಲೆ ಆ ಮಾತು ಹೇಳಿದೆ. ಯಾರೂ ನಗಲಿಲ್ಲ, ನಗಬೇಕು ಎಂದು ಹೇಳಿಕೊಟ್ಟಿದ್ದರೂ ನಗಲಿಲ್ಲ. ನಿರ್ದೇಶಕ ‘ಕಟ್’ ಎನ್ನುವುದನ್ನೇ ಮರೆತ.

ರಾತ್ರಿ ಗೆಳೆಯನ ಮನೆಯಲ್ಲೇ ಊಟ. ಜೋಳದ ರೊಟ್ಟಿ, ಕೆಂಪು ಇರುವೆಯ ಚಟ್ನಿ. ಆ ಸಂಜೆ ಇಂಟರ್‌ವಲ್ಲಿನ ಮೇಲೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. “ಮನೀಗೆ. ನಡಕೋತ. ಕತ್ತಲಿತ್ತು, ಹೆದರಿಕಿ ಆತು,” ಎಂದ. ಅಷ್ಟೇ. ಇನ್ನೊಂದು ರೊಟ್ಟಿ ಹಾಕಿದ.

ಕಟ್ಟಡದ ಕೆಲಸದವ

ಒಬ್ಬ ಮಾತ್ರ ಈ ಚಿತ್ರದ ಹತ್ತಿರ ಸುಳಿಯಲಿಲ್ಲ. ಗೆಳೆಯನ ದೊಡ್ಡ ಮಗ. ಹುಬ್ಬಳ್ಳಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾದವನು. ಯಲ್ಲಾಪುರದ ಕಡೆಯ ಚಿಕ್ಕಜ್ಜಿಯ ಮೊಮ್ಮಗ, ಇವನ ವಯಸ್ಸಿನವನೇ, ಸರ್ಟಿಫಿಕೇಟ್ ತೋರಿಸಿ ಹಾಸ್ಟೆಲ್ ಸೇರಿ ಮುಂದೆ ಓದಿದ. ಇವನಿಗೆ ತೋರಿಸಲು ಸರ್ಟಿಫಿಕೇಟ್ ಇರಲಿಲ್ಲ. ದಿನಾ ಬಸ್ಸಿನ ಖರ್ಚು ಆಗದೆ ಅರ್ಧಕ್ಕೆ ಬಿಟ್ಟ. ಸಣ್ಣವನು ಪಿಯುಸಿಗೆ ಬರುವ ಹೊತ್ತಿಗೆ ಕಂಸ ತಿದ್ದಿಯಾಗಿತ್ತು.

ಒಂದೇ ಮನೆ, ಇಬ್ಬರು ಮಕ್ಕಳು. ಅಜ್ಜಿಯ ಕಾಲದಲ್ಲಿ ಅಕ್ಕ ತಂಗಿಯ ನಡುವೆ ಗಡಿ ಬಿತ್ತು. ಇಲ್ಲಿ ಅಣ್ಣ ತಮ್ಮನ ನಡುವೆ ಇಸವಿ ಬಿತ್ತು. ತಮ್ಮ ಎರಡು ಸಲ ಫೋನ್ ಮಾಡಿ ಕರೆದ. “ಗೆದ್ದ ಪಿಕ್ಚರಿನಾಗ ನನಗೇನು ಕೆಲಸ?” ಎಂದನಂತೆ ಅಣ್ಣ. ನಿರ್ದೇಶಕನ ಮುಖ ಅಂದು ಪೂರ್ತಿ ಬಾಡಿತ್ತು.

ಕೊನೆಯ ದಿನ, ಭಾನುವಾರ, ಅಣ್ಣ ಬಂದ. ಕೈಯಲ್ಲಿ ಸಿಮೆಂಟಿನ ಬಿರುಕು, ಹೆಗಲಿಗೆ ಚೀಲ. ಯಾರ ಜೊತೆಗೂ ಮಾತಿಲ್ಲ. ತಮ್ಮ ಮೊಬೈಲಿನಲ್ಲಿ ಅಲ್ಲಿಯವರೆಗೆ ಜೋಡಿಸಿದ್ದನ್ನು ತೋರಿಸಿದ. ಅಣ್ಣ ನಿಂತುಕೊಂಡೇ ನೋಡಿದ. ಟ್ರಂಕು ನೋಡಿದ, ಅಜ್ಜಿಯನ್ನು ನೋಡಿದ, ನನ್ನ ನಾಯಿಮರಿ ಸೀಟಿಗೆ ಸ್ವಲ್ಪ ನಕ್ಕ. ಕೊನೆಯಲ್ಲಿ ‘2003’ ಎಂದು ಬರುತ್ತದೆ, ನಂತರ ‘2020’ ಎಂದು ಬರುತ್ತದೆ, ಡಮಾಮಿ ಬಾರಿಸುತ್ತದೆ, ಶುಭಂ.

“ನಡುವ ಒಂದ ಬಿಟ್ಟೀ,” ಎಂದ ಅಣ್ಣ.

“ಏನು?”

“ನಾ ಕಾಲೇಜು ಬಿಟ್ಟ ವರ್ಷ ಹಾಕು. 2016.”

ಅಷ್ಟು ಹೇಳಿ ಬಾವಿಯ ಕಡೆಗೆ ಕೈಕಾಲು ತೊಳೆಯಲು ಹೋದ.

ಬಿಡುಗಡೆ!

ಒಟ್ಟು 22 ನಿಮಿಷದ ಚಿತ್ರ. ಮದುವೆ ವಿಡಿಯೋದವರಿಂದ ಪ್ರೊಜೆಕ್ಟರ್ ಬಾಡಿಗೆಗೆ ತಂದು, ಸಂಕ್ರಾಂತಿಯ ಮಾರನೆಯ ರಾತ್ರಿ ಶಾಲೆಯ ಗೋಡೆಯ ಮೇಲೆ ಬಿಟ್ಟರು. ಟಿಕೆಟ್ಟಿಲ್ಲ. ಊರಿನವರು, ಕಾಡಂಚಿನವರು, ಯಲ್ಲಾಪುರದ ಕಡೆಯಿಂದ ಟ್ರ್ಯಾಕ್ಸ್ ಮಾಡಿಕೊಂಡು ಬಂದ ನೆಂಟರು. ಅವ್ವನ ತಂಗಿಯೂ ಬಂದಿದ್ದಳು. ಅಕ್ಕ ತಂಗಿ ಒಂದೇ ಕೌದಿ ಹೊದ್ದು ಮುಂದೆ ಕೂತಿದ್ದರು.

ತಾಂತ್ರಿಕ ದೋಷಗಳನ್ನು ಪಟ್ಟಿ ಮಾಡಿದರೆ ಈ ಪುಟ ಸಾಲದು. ಗಾಳಿಯ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಹುಣಸೆ ಗಿಡದ ದೃಶ್ಯದಲ್ಲಿ ಹಿಂದೆ ಒಂದು ಎಮ್ಮೆ ಮೂರು ಸಲ ಹಾದುಹೋಗುತ್ತದೆ. ನಡುವೆ ಒಮ್ಮೆ ಕರೆಂಟೂ ಹೋಯಿತು. ಆದರೂ ಅವ್ವ ನೋಟುಬುಕ್ಕಿನ ಹೆಸರು ಹೇಳುತ್ತ ಹೋದಾಗ ಕತ್ತಲಲ್ಲಿ ಅಲ್ಲಲ್ಲಿ ಜನ ‘ಹೌದು, ಹೌದು’ ಎನ್ನತೊಡಗಿದರು, ‘ಅಂವ ನಮ್ಮ ಅಜ್ಜ’ ಎಂದು ಒಬ್ಬ ಎದ್ದು ನಿಂತ. ನಲವತ್ತು ವರ್ಷ ಮೊದಲ ದಿನ ಮೊದಲ ಆಟ ನೋಡಿದ್ದೇನೆ, ಇಂಥದ್ದನ್ನು ಯಾವ ಟಾಕೀಜಿನಲ್ಲೂ ಕಂಡಿಲ್ಲ.

ನನ್ನ ಸೀನು ಬಂತು. ನಾಲ್ಕೇ ಸೆಕೆಂಡು. ನನ್ನ ಮುಖವನ್ನು ಕತ್ತರಿಸಿ ಬಿಟ್ಟಿದ್ದರು. ಸೀಟಿ, ಮಾತು, ಮತ್ತು ಆ ಹುಡುಗನ ಬೆನ್ನು ಮಾತ್ರ ಇತ್ತು. ಆಮೇಲೆ ನಿರ್ದೇಶಕನನ್ನು ಹಿಡಿದು ಕೇಳಿದೆ: “ಮುಖ ಯಾಕ ತಗದೀಪಾ?”

“ಕಾಕಾ, ನೀವು ಅಳಾಕ ಹತ್ತಿದ್ರಿ. ಸೀಟಿ ಹೊಡದಾಂವ ಅಳತಿದ್ದಿಲ್ಲ ಅಂತ ಅಪ್ಪ ಹೇಳಿದ.”

ಕೊನೆಗೆ ‘2003’ ಬಂತು. ನಂತರ ಕಪ್ಪು ತೆರೆಯ ಮೇಲೆ ‘2016’, ಸದ್ದಿಲ್ಲದೆ, ಹತ್ತು ಸೆಕೆಂಡು. ಹಿಂದಿನಿಂದ ಯಾರೋ ‘ಏನಪಾ, ಮತ್ತ ಕರೆಂಟ್ ಹೋತೇನು?’ ಎಂದರು. ದೊಡ್ಡ ಮಗ ಪ್ರೊಜೆಕ್ಟರಿನ ಪಕ್ಕದಲ್ಲಿ ವಾಯರು ಹಿಡಿದು ನಿಂತಿದ್ದ.

“ಇಲ್ರೀ,” ಎಂದ. “ಪಿಕ್ಚರ್ ನಡದೈತಿ.”